ಹತ್ತೊಂಬತ್ತು ಮಕ್ಕಳ ಶಾಲೆ

ನುಕುಸೋಲೋ ದ್ವೀಪ
14 ಫೆಬ್ರವರಿ 2011

ಏನೇ ಡಾಕ್ಟರ್ ನಾದಿನಿ,

ಬದುಕಿದೀಯಾ? ಮೆಲ್ಬರ್ನ್ ಚಳಿಗಾಲದಲ್ಲಿ ಸೆಟೆದ ಬೆರಳು ಇನ್ನೂ ಬಿಟ್ಟಿಲ್ಲ, ಅದಕ್ಕೇ ಕಾಗದ ಬರೆಯೋಕೆ ಆಗ್ತಿಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿದ್ವಿ. ಕೊನೆಗೂ ಹಡಗಿನಲ್ಲಿ ನಿನ್ನ ಲಕೋಟೆ ಬಂತು. ಒಡೆದು ನೋಡಿದರೆ ಕಾಗದ ಅರ್ಧ ಪುಟ, ಫಾರಂ ಹದಿನಾಲ್ಕು ಪುಟ! ಅತ್ತಿಗೆಗೆ ಬರೆಯೋದು ಹೀಗೇನೇ? ನಮ್ಮೂರಲ್ಲಿ ಹೆಣ್ಣು ಕೇಳೋಕೆ ಬಂದವರೂ ಇಷ್ಟು ಪ್ರಶ್ನೆ ಕೇಳಲ್ಲ.

ಆದರೂ ತುಂಬಿದೀನಿ. 'ನಿಜ ಬರಿ ಸಲಾ, ಕೊನೇ ಸೀಮೆಸುಣ್ಣದವರೆಗೂ ನಿಜ ಬರಿ, ನನ್ನ ಅಧ್ಯಯನ ನಿಂತಿರೋದೇ ಅದರ ಮೇಲೆ' ಅಂದಿದ್ದೆಯಲ್ಲ, ಹಾಗೇ ಮಾಡಿದೀನಿ. ಮಕ್ಕಳು ಹತ್ತೊಂಬತ್ತು. ಕೋಣೆ ಒಂದು. ಟೀಚರ್ ಒಬ್ಬಳು, ಅದು ನಾನು. ಸೋರುವ ಜಾಗ ಆರು. ಹೋದ ವರ್ಷ ಟೀಚರ್ ಹಾಕಿದ ರಜೆ ಎರಡು ದಿನ, ನಮ್ಮಪ್ಪನ ಅಕ್ಕ ತೀರಿಕೊಂಡಾಗ. ಅದನ್ನೂ ಮುಚ್ಚಿಟ್ಟಿಲ್ಲ.

ಹಡಗು ನಿಂತಿದ್ದಾಗ ತೋವುಲೆಕಾ ದ್ವೀಪದ ಶಾಲೆಯ ವಿಲಿಕೇಸಾ ಮಾಸ್ಟರೂ ಇಳಿದಿದ್ದರು. ನನ್ನ ಫಾರಂ ಮೇಲೆ ಕಣ್ಣಾಡಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹತ್ತೊಂಬತ್ತಾ? ನಿನಗೇನು ತಲೆ ಕೆಟ್ಟಿದೆಯಾ ಸಲಾ? ಸತ್ತೋರನ್ನೂ ಸೇರಿಸು, ಬಸುರೀಲಿರೋರನ್ನೂ ಸೇರಿಸು. ಇಲಾಖೆಯೋರು ಸಮುದ್ರ ದಾಟಿ ಬಂದು ತಲೆ ಎಣಿಸ್ತಾರಾ?" ಅಂದರು. "ಕೇಳಿರೋದು ಇಲಾಖೆ ಅಲ್ಲ ಮಾಸ್ಟರೇ, ನನ್ನ ಸೋದರಮಾವನ ಮಗಳು. ಅವಳಿಗೆ ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳ್ತೀನಿ, ಬರವಣಿಗೆಯಲ್ಲಿ ಹೇಳಲ್ಲ" ಅಂದೆ.

ಈಗ ನನ್ನ ಕೆಲಸ. ಆಗಸ್ಟ್‌ನಲ್ಲಿ ನಮ್ಮ ಶಾಲೆಗೆ ಐವತ್ತು ವರ್ಷ. ನೀನಂತೂ ಬರಲ್ಲ, ನಿನ್ನ ಪರಿಚಯ ಬರೆದು ಕಳಿಸು. ಎಲ್ಲಿ ಓದಿದೆ, ಏನು ಓದಿದೆ, ಏನು ಕೆಲಸ, ಎಲ್ಲ. ಮಕ್ಕಳ ಮುಂದೆ ಓದ್ತೀನಿ. ಪಾದ್ರಿಗಳು ಕೇಳ್ತಿದ್ದರು, "ಶಿಕ್ಷಣದ ಅರ್ಥಶಾಸ್ತ್ರ ಅಂದರೆ ಏನಮ್ಮಾ? ಪಾಠಕ್ಕೂ ದುಡ್ಡಿಗೂ ಏನು ನೆಂಟಸ್ತಿಕೆ?" ಅಂತ. ನನಗೇನು ಗೊತ್ತು? "ಬಂದಾಗ ಅವಳನ್ನೇ ಕೇಳಿ, ಅವಳ ಅಪ್ಪ ಮೀನಿಗೆ ಹೋಗಿ ದೋಣಿ ಕಳ್ಕೊಂಡು ಈಜಿ ಬಂದೋನು, ಲಾಭ ನಷ್ಟ ಆ ಮನೆಯೋರಿಗೇ ಗೊತ್ತು" ಅಂದೆ.

ನಿನ್ನ ಅತ್ತಿಗೆ,
ಸಲಾನಿಯೆತಾ


ಮೆಲ್ಬರ್ನ್
3 ಏಪ್ರಿಲ್ 2011

ಬಾಯಿಬಡುಕಿ ಅತ್ತಿಗೆಗೆ,

ನಮ್ಮಪ್ಪ ದೋಣಿ ಕಳೆದದ್ದು ನಿಜ. ಆದರೆ ಅವತ್ತು ದೋಣಿಗೆ ಕಟ್ಟಿದ್ದ ಹಗ್ಗ ನಿಮ್ಮಪ್ಪ ಕೊಟ್ಟಿದ್ದು. ಅದನ್ನೂ ಪಾದ್ರಿಗಳಿಗೆ ಹೇಳು.

ಅರವತ್ತೆರಡು ಶಾಲೆಗಳಿಂದ ಫಾರಂ ಬಂದಿವೆ. ನಿನ್ನದರಷ್ಟು ಚೊಕ್ಕವಾಗಿರೋದು ಇನ್ನೊಂದಿಲ್ಲ. ಇಲ್ಲಿ ಎಲ್ಲರಿಗೂ ತೋರಿಸಿದೆ.

ಪರಿಚಯ ಕೇಳಿದ್ದೀಯ. ಮಕ್ಕಳಿಗೆ ಓದೋದು ಅಂತ ನೆಟ್ಟಗೆ ಬರೀತೀನಿ:

'ಡಾಕ್ಟರ್ ಅಕನಿಸಿ ನೈವಾಲು ಇದೇ ಶಾಲೆಯ ಚಾಪೆಯ ಮೇಲೆ ಕೂತು ಎಂಟನೇ ತರಗತಿಯವರೆಗೆ ಓದಿದವರು. ಅಪೆನಿಸಾ ಮಾಸ್ಟರು ಅವರಿಗೆ ಮಗ್ಗಿ ಕಲಿಸಿದರು. ಹೈಸ್ಕೂಲನ್ನು ಹಾಸ್ಟೆಲಿನಲ್ಲಿದ್ದು ಮುಗಿಸಿ, ವಿದ್ಯಾರ್ಥಿವೇತನ ಪಡೆದು ರಾಜಧಾನಿ ಸುವಾದಲ್ಲಿ ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ನೌಸೋರಿಯ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಲೆಕ್ಕದ ಟೀಚರಾಗಿದ್ದರು. ಆಮೇಲೆ ಕ್ಯಾನ್‌ಬೆರಾದಲ್ಲಿ ಸ್ನಾತಕೋತ್ತರ ಪದವಿ, ಮೆಲ್ಬರ್ನ್‌ನಲ್ಲಿ ಡಾಕ್ಟರೇಟ್. ದ್ವೀಪಗಳ ಸಣ್ಣ ಶಾಲೆಗಳು ಅವರ ಸಂಶೋಧನೆಯ ವಿಷಯ. ಈಗ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ.'

ಪಾದ್ರಿಗಳಿಗೆ ಹೀಗೆ ಹೇಳು. ಒಂದು ಮಗು ಇನ್ನೊಂದು ವರ್ಷ ಹೆಚ್ಚು ಓದಿದರೆ ಅದರ ಬಾಳು ಎಷ್ಟು ಮೇಲಾಗುತ್ತೆ, ಆ ಒಂದು ವರ್ಷ ಓದಿಸೋಕೆ ಊರಿಗೆ, ಸರ್ಕಾರಕ್ಕೆ ಎಷ್ಟು ತಗಲುತ್ತೆ, ಅದೇ ಖರ್ಚಿನಲ್ಲಿ ಇನ್ನೂ ಚೆನ್ನಾಗಿ ಓದಿಸೋಕೆ ಆಗುತ್ತಾ, ಇದನ್ನ ಅಳೆಯೋ ವಿದ್ಯೆ.

ಪರಿಚಯದಲ್ಲಿ ಬರೆಯದೆ ಇರೋದು ಒಂದಿದೆ, ಅದನ್ನ ಮಕ್ಕಳಿಗೆ ಓದಬೇಡ. ಹೈಸ್ಕೂಲ್ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನನಗಿಂತ ಮುಂದಿದ್ದವಳು ನೀನು. ನಿಮ್ಮಮ್ಮನಿಗೆ ಕಾಯಿಲೆ ಆಗದೆ ಇದ್ದಿದ್ದರೆ ಈ ಕುರ್ಚಿ ಮೇಲೆ ನೀನು ಕೂತಿರ್ತಿದ್ದೆ, ಫಾರಂ ನಾನು ತುಂಬ್ತಿದ್ದೆ. ಇಲ್ಲಿ ಬಾಗಿಲ ಮೇಲೆ ನನ್ನ ಹೆಸರು ಹಾಕಿದಾರೆ ಸಲಾ. ಮೊದಲ ದಿನ ನಿಂತು ಓದಿಕೊಂಡೆ.

ವರದಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತೆ. ನಮ್ಮಂಥ ಶಾಲೆಗಳಿಗೆ ಒಳ್ಳೇದಾಗುತ್ತೆ, ನೋಡ್ತಿರು.

ನಿನ್ನ ನಾದಿನಿ,
ಅಕನಿಸಿ


ನುಕುಸೋಲೋ
22 ಆಗಸ್ಟ್ 2011

ನಾದಿನಿ ಮಹಾರಾಣಿಗೆ,

ಐವತ್ತರ ಹಬ್ಬ ಮುಗೀತು. ಇಡೀ ಊರು ಬಂದಿತ್ತು. ನಿನ್ನ ಪರಿಚಯ ಓದಿದೆ. 'ಇದೇ ಶಾಲೆಯ ಚಾಪೆಯ ಮೇಲೆ ಕೂತು' ಅನ್ನೋವಾಗ ಬಿಕ್ಕಳಿಕೆ ಬಂತು. ಸಂಭ್ರಮಕ್ಕಲ್ಲ, ಬೆಳಿಗ್ಗೆ ನುಂಗಿದ ಮರಗೆಣಸಿಗೆ.

ಎಲ್ಲರೂ ಚಪ್ಪಾಳೆ ಹೊಡೆದರು. ಆರನೇ ತರಗತಿ ಉಲಾಮಿಲಾ ಮಾತ್ರ ಕೈ ಎತ್ತಿದಳು. ನನಗೆ ಸಿಕ್ಕಿರೋ ಮಕ್ಕಳಲ್ಲೆಲ್ಲ ಲೆಕ್ಕಕ್ಕೆ ಚುರುಕು ಅಂದರೆ ಅವಳು. "ಟೀಚರ್, ಅವರು ನಮ್ಮನ್ನ ಎಣಿಸಿದರಲ್ಲ, ನೋಡಿದಾರಾ?" ಅಂದಳು. "ಎಣಿಸೋಕೆ ನೋಡಲೇಬೇಕು ಅಂತಿಲ್ಲ ಕಣೇ, ನಕ್ಷತ್ರ ಎಣಿಸಲ್ವಾ" ಅಂದೆ. "ನಕ್ಷತ್ರ ಎಣಿಸೋವಾಗ ನೋಡ್ತೀವಲ್ಲ ಟೀಚರ್" ಅಂದಳು! ಇಂಥವಳಿಗೆ ನಾನು ಪಾಠ ಹೇಳಬೇಕು.

ಹಬ್ಬದಲ್ಲಿ ಊರ ಮುಖ್ಯಸ್ಥ ತಾಲೆಮೋ ಎದ್ದು ನಿಂತು, ಶಾಲೆಗೆ ಇನ್ನೊಂದು ಕೋಣೆ ಕಟ್ಟೋಣ ಅಂದರು. ಡಿಸೆಂಬರ್‌ನಲ್ಲಿ ಗಂಡಸರೆಲ್ಲ ಹೋಗಿ ವೇಸಿ ಮರ ಕಡಿದು ಕಂಬಕ್ಕೆ ಕೆತ್ತೋದು ಅಂತಾಗಿದೆ. ಅವತ್ತೇ ಯಂಗೋನ ಬೇರಿನ ಮತ್ತಿನ ಪಾನೀಯದ ಬಟ್ಟಲು ಎದುರಿಗಿಟ್ಟುಕೊಂಡು ಮಾತು ಕೊಟ್ಟರು. ಬಟ್ಟಲು ಎದುರಿಗಿದ್ದಾಗ ನಮ್ಮ ಗಂಡಸರು ಚಂದ್ರನನ್ನೂ ಕಡಿದು ತರ್ತಾರೆ ಅನ್ನು, ಆದರೂ ಈ ಸಲ ಮಾಡ್ತಾರೆ ಅನ್ನಿಸುತ್ತೆ.

ನಿನ್ನ ವರದಿಯಲ್ಲಿ ಎರಡನೇ ಟೀಚರ್ ಮಾತೇನಾದರೂ ಬರುತ್ತಾ? ಕೇಳಬಾರದು, ಆದರೂ ಕೇಳ್ತಿದೀನಿ.

ಸಲಾ


ಮೆಲ್ಬರ್ನ್
30 ಅಕ್ಟೋಬರ್ 2011

ಪ್ರೀತಿಯ ಅತ್ತಿಗೆಗೆ,

ಕೆಲಸದ ಒತ್ತಡ. ಬರೆಯೋಕೆ ಆಗಲಿಲ್ಲ, ಬೈಕೋಬೇಡ.

ಬೇರೆ ಪಾರ್ಸೆಲ್‌ನಲ್ಲಿ ಪೆನ್ಸಿಲ್, ಬಣ್ಣ, ಒಂದು ಗ್ಲೋಬ್ ಕಳಿಸಿದೀನಿ. ಉಲಾಮಿಲಾಗೆ ಅಂತ ಒಂದು ಲೆಕ್ಕದ ಪುಸ್ತಕ ಇದೆ, ಅವಳ ಕೈಗೇ ಕೊಡು.

ವರದಿ ಮುಗೀತು. ಇಲಾಖೆಗೆ ಹೋಗಿದೆ. ಅದರ ಬಗ್ಗೆ ಈಗಲೇ ಏನೂ ಹೇಳೋ ಹಾಗಿಲ್ಲ.

ಒಂದು ಮಾತು. ಹೊಸ ಕೋಣೆಗೆ ಮರ ಕಡಿಯೋದು ಈ ವರ್ಷ ಬೇಡ ಅಂತ ತಾಲೆಮೋ ಅವರಿಗೆ ಹೇಳು. ಸ್ವಲ್ಪ ಕಾಯಲಿ. ಯಾಕೆ ಅಂತ ಕೇಳಬೇಡ.

ಅಕನಿಸಿ


ನುಕುಸೋಲೋ
5 ಡಿಸೆಂಬರ್ 2011

ಗುಟ್ಟುಗಾತಿ ನಾದಿನಿಗೆ,

'ಯಾಕೆ ಅಂತ ಕೇಳಬೇಡ' ಅಂತೆ! ಊರಿಗೇ ಗೊತ್ತಾಯ್ತು ಕಣೇ. ನಿನ್ನ ಕಾಗದ ಓದಿದ ಕೂಡಲೆ ತಾಲೆಮೋ ತೊಡೆ ತಟ್ಟಿಕೊಂಡು ನಕ್ಕರು. "ಹುಡುಗಿ ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಸುಳಿವು ಕೊಟ್ಟಿದಾಳೆ. ಸರ್ಕಾರದೋರು ಸಿಮೆಂಟಿನ ಕಟ್ಟಡ ಕಟ್ಟಿಸ್ತಾರೆ, ನಾವ್ಯಾಕೆ ಮರ ಕಡಿದು ಹಾಳು ಮಾಡೋದು?" ಅಂದರು. ಕೊಡಲಿಗಳೆಲ್ಲ ಅಟ್ಟಕ್ಕೆ ಹೋದವು. ಗಂಡಸರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು.

ಹೆಂಗಸರೆಲ್ಲ ಸೇರಿ ನಿನಗೆ ಅಂತ ಚಾಪೆ ಹೆಣೀತಿದೀವಿ. ನಾಲ್ಕು ಅಂಚಿಗೂ ಬಣ್ಣದ ಉಣ್ಣೆ. ಎಷ್ಟು ದೊಡ್ಡದು ಅಂತ ಕೇಳಬೇಡ, ನಿನ್ನ ಮೆಲ್ಬರ್ನ್ ಕೋಣೆಯ ಬಾಗಿಲು ಅಗಲ ಮಾಡಿಸಿಕೋ.

ಕಾಗದ ಮಾತ್ರ ಯಾಕೋ ಒಣ ಮೀನಿನ ಹಾಗಿತ್ತು. ಯಾರಾದರೂ ಗಂಡಸು ಸಿಕ್ಕಿದಾನಾ? ಸಿಕ್ಕಿದ್ದರೆ ಮೊದಲು ಅವನಿಗೆ ಈಜು ಬರುತ್ತಾ ಕೇಳು.

ಸಲಾ


ನುಕುಸೋಲೋ
13 ಫೆಬ್ರವರಿ 2012

ಅಕನಿಸಿ,

ನಿನ್ನಿಂದ ಕಾಗದ ಇಲ್ಲ. ನಾನೇ ಬರೀತಿದೀನಿ, ಬೇಗ ಓದು.

ಜನವರಿ ಹಡಗಿನಲ್ಲಿ ಇಲಾಖೆಯ ಅಧಿಕಾರಿ ಬಂದಿದ್ದರು. ಕಾಲು ಗಂಟೆ ಇದ್ದರು. ಮೂವತ್ತಕ್ಕಿಂತ ಕಡಿಮೆ ಮಕ್ಕಳಿರೋ ಶಾಲೆ ಮುಚ್ತಾರಂತೆ. ಎರಡನೇ ಅವಧಿಯಿಂದ ನಮ್ಮ ಮಕ್ಕಳು ವೈಮಾಸಿ ದ್ವೀಪದ ಶಾಲೆಗೆ ಹೋಗಬೇಕಂತೆ. ಮೋಟಾರು ದೋಣಿಯಲ್ಲಿ ನಾಲ್ಕು ಗಂಟೆ ಅಕನಿಸಿ, ಅದೂ ಸಮುದ್ರ ಸುಮ್ಮನಿದ್ದರೆ. ಆರು ವರ್ಷದವು ಇವೆ.

"ದೋಣಿ ಯಾರು ಕೊಡ್ತಾರೆ? ಅಲ್ಲಿ ಎಲ್ಲಿ ಮಲಗ್ತಾವೆ?" ಅಂತ ಕೇಳಿದೆ. "ಅದು ಆಮೇಲಿನ ಹಂತ" ಅಂದರು. ಸೂರು ನೋಡಿ, "ಐವತ್ತು ವರ್ಷದಲ್ಲಿ ಇನ್ನೊಂದು ಕೋಣೆ ಕಟ್ಟಿಲ್ಲ, ಊರಿನವರಿಗೇ ಆಸಕ್ತಿ ಇಲ್ಲ" ಅಂತ ಬರೆದುಕೊಂಡರು. ತಾಲೆಮೋ "ಮರ ಕಡಿಯೋಕೆ ಹೊರಟಿದ್ವಿ..." ಅಂತ ಶುರು ಮಾಡಿದವರು ನನ್ನ ಮುಖ ನೋಡಿ, ಅಧಿಕಾರಿಗೆ ಎಳನೀರು ಕೆತ್ತೋಕೆ ಹೋದರು.

ತೋವುಲೆಕಾ ಶಾಲೆ ಉಳೀತು. ಅಲ್ಲಿ ನಲವತ್ತೊಂದು ಅಂತ ಇದೆಯಂತೆ. ಹೋದ ವರ್ಷ ಆಟದ ಪಂದ್ಯಕ್ಕೆ ಹೋದಾಗ ನಾನೇ ನೋಡಿದೀನಿ, ಇಪ್ಪತ್ತನಾಲ್ಕು ದಾಟಲ್ಲ.

ಅಧಿಕಾರಿಯ ಕೈಯಲ್ಲಿ ಒಂದು ವರದಿ ಇತ್ತು. ನೋಡಬಹುದಾ ಅಂದೆ, ಕೊಡಲಿಲ್ಲ. "ಬಿಳಿಯರು ಬರೆದದ್ದು ಅಂತ ಬೈಬೇಡಿ, ನಿಮ್ಮವರೇ, ದ್ವೀಪದವರೇ ಆದ ತಜ್ಞರೊಬ್ಬರು ಬರೆದದ್ದು" ಅಂದರು. ಯಾರು ಅಂತ ಹೇಳಲಿಲ್ಲ. ನಿನ್ನ ಒಳ್ಳೆ ವರದಿಯನ್ನ ಪಕ್ಕಕ್ಕಿಟ್ಟು ಇನ್ಯಾರದೋ ಕೆಟ್ಟದ್ದನ್ನ ಹಿಡ್ಕೊಂಡಿದಾರೆ. ನಿಮ್ಮ ವಿದ್ಯೆಯವರು ಎಷ್ಟು ಜನ ಇರ್ತೀರಿ, ಅವನನ್ನ ಪತ್ತೆ ಮಾಡು. ಡಾಕ್ಟರ್ ಅಂತ ಸಹಿ ಹಾಕಿ ಇಲಾಖೆಗೆ ಒಂದು ಕಾಗದ ಬರಿ. ನಾನು ಬರೆದರೆ ಯಾರು ಓದ್ತಾರೆ.

ಚಾಪೆ ಡಿಸೆಂಬರ್ ಹಡಗಿನಲ್ಲಿ ಕಳಿಸಿದ್ವಿ, ಸೇರಿತಾ?

ಸಲಾ


ಮೆಲ್ಬರ್ನ್
18 ಮಾರ್ಚ್ 2012

ಸಲಾ,

ಆ ತಜ್ಞೆ ನಾನೇ.

ನಾಲ್ಕು ಸಲ ಬರೆದು ಹರಿದೆ. ಬೇರೆ ಯಾವ ಸಾಲಿನಿಂದ ಶುರು ಮಾಡಿದರೂ ಸುಳ್ಳಾಗುತ್ತೆ.

ನಾನು ಮೊದಲು ಬರೆದ ವರದಿಯಲ್ಲಿ ದೋಣಿ ಇತ್ತು, ಹಾಸ್ಟೆಲ್ ಇತ್ತು. ಅವೆರಡೂ ಸಿದ್ಧವಾದ ಮೇಲೆ ಮಾತ್ರ ಸಣ್ಣ ಶಾಲೆ ಸೇರಿಸಬಹುದು, ಹತ್ತು ವರ್ಷದ ಒಳಗಿನ ಮಕ್ಕಳನ್ನ ಊರಿಂದ ಕಳಿಸಲೇಬಾರದು ಅಂತ ಇತ್ತು. ಇಲ್ಲಿ ನನ್ನ ಮೇಲಿನವರು ತಿದ್ದಿದರು. ಉದ್ದವಾಯ್ತು, ಮಂತ್ರಿಗಳು ಇಷ್ಟು ಓದಲ್ಲ ಅಂದರು. ಕೊನೆಗೆ ಉಳಿದದ್ದು ಒಂದು ಪಟ್ಟಿ, ಪಟ್ಟಿ ಮಧ್ಯೆ ಒಂದು ಗೆರೆ. ಗೆರೆಯ ಕೆಳಗೆ ನುಕುಸೋಲೋ. ದೋಣಿ ಮತ್ತು ಹಾಸ್ಟೆಲ್ ಹಿಂದಿನ ಪುಟದ ಅಡಿಟಿಪ್ಪಣಿ ಆಯ್ತು. ಅದಕ್ಕೆ ನಾನು ಸಹಿ ಹಾಕಿದೆ.

ಬಾಗಿಲ ಮೇಲೆ ಹೆಸರಿದೆ ಅಂತ ಬರೆದಿದ್ದೆ. ಅದು ಒಂದು ಕಾಗದದ ಚೀಟಿ. ತೂರಿಸಿ ಇಡಬಹುದು, ಎಳೆದು ತೆಗೀಬಹುದು. ಆ ಕೋಣೆಯಲ್ಲಿ ನಾಲ್ಕು ಜನ ಕೂರ್ತೀವಿ. ನನ್ನ ಕೆಲಸ ವರ್ಷ ವರ್ಷಕ್ಕೆ ಬರೆದುಕೊಡೋ ಕೆಲಸ. ಡಿಸೆಂಬರ್‌ಗೆ ಮುಗೀತಿತ್ತು. ವರದಿ ಹೊರಬರದೆ ಮುಂದಿನ ವರ್ಷ ಇರಲಿಲ್ಲ. ಸಹಿ ಹಾಕಿದೆ, ಹನ್ನೊಂದು ತಿಂಗಳು ಕೊಟ್ಟರು. ಮೂವತ್ತೊಂಬತ್ತು ವಯಸ್ಸಿಗೆ ನನ್ನ ಓದು, ಪದವಿ ಎಲ್ಲ ಸೇರಿ ಅಷ್ಟು ಬೆಲೆ ಬಾಳಿತು.

ಇನ್ನೂ ಇದೆ. ತೋವುಲೆಕಾ ಸಂಖ್ಯೆ ಸುಳ್ಳು ಅಂತ ನನಗೆ ಗೊತ್ತಿತ್ತು. ಬರೀ ಅದೊಂದೇ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ಶಾಲೆಗಳದು. ನಲವತ್ತೊಂದು ಮಕ್ಕಳಿಗೆ ವರ್ಷಕ್ಕೆ ಮೂರು ಡಬ್ಬಿ ಸೀಮೆಸುಣ್ಣ, ಇಪ್ಪತ್ತೆರಡು ಪುಸ್ತಕ ಅಂದರೆ ಯಾರಿಗೂ ಅರ್ಥ ಆಗುತ್ತೆ. ಆದರೆ ಆ ಇಪ್ಪತ್ತನ್ನ ಅನುಮಾನಿಸಿದರೆ ಇಡೀ ಅಧ್ಯಯನ ಬಿದ್ದು ಹೋಗ್ತಿತ್ತು. ಸುಮ್ಮನಿದ್ದೆ. ನಿಜ ಹೇಳಿದೋರು ಗೆರೆ ಕೆಳಗೆ ಹೋದರು. ನಿನಗೆ ನಿಜ ಬರಿ ಅಂತ ಹೇಳಿದವಳು ನಾನು.

ಮರ ಕಡಿಯಬೇಡಿ ಅಂದದ್ದು, ಆ ಶ್ರಮವಾದರೂ ವ್ಯರ್ಥ ಆಗದಿರಲಿ ಅಂತ. ನೀವು ಅದನ್ನ ಹೇಗೆ ತಿಳಿದಿರಿ ಅಂತ ಡಿಸೆಂಬರ್ ಕಾಗದದಿಂದ ಗೊತ್ತಾಯ್ತು. ಆಗಲೂ ಬರೆಯಲಿಲ್ಲ. ಬೇಡ ಅಂತ ನಾನು ಹೇಳದೆ ಇದ್ದಿದ್ದರೆ ಅಧಿಕಾರಿ ಬರೋ ಹೊತ್ತಿಗೆ ಕಂಬಗಳಾದರೂ ನಿಂತಿರ್ತಿದ್ದವು.

ಚಾಪೆ ಬಂದಿದೆ. ಬಿಚ್ಚಿಲ್ಲ.

ಇಲಾಖೆಗೆ ಬರೀತಿದೀನಿ, ಹೆಸರು ಹಾಕಿ.

ಅಕನಿಸಿ


ಮೆಲ್ಬರ್ನ್
22 ಜುಲೈ 2012

ಸಲಾ,

ನಾಲ್ಕು ತಿಂಗಳಾಯ್ತು. ನೀನು ಬರೆಯಲ್ಲ ಅಂತ ಗೊತ್ತು. ನಾನಾಗಿದ್ದರೂ ಬರೀತಿರಲಿಲ್ಲ.

ಇಲಾಖೆಯಿಂದ ಉತ್ತರ ಬಂತು. ಎರಡೇ ಸಾಲು. ನಿಮ್ಮ ಅಭಿಪ್ರಾಯಕ್ಕೆ ವಂದನೆ, ನಿರ್ಧಾರ ನಿಮ್ಮದೇ ವರದಿಯ ಆಧಾರದ ಮೇಲೆ ಆಗಿದೆ, ಅಂತ. ಇಲ್ಲಿನವರಿಗೆ ಸುದ್ದಿ ಮುಟ್ಟಿತು. ಸ್ವಂತ ವರದಿಯ ವಿರುದ್ಧ ಬರೆಯೋಳನ್ನ ಯಾರು ಇಟ್ಟುಕೋತಾರೆ? ನವೆಂಬರ್‌ಗೆ ಚೀಟಿ ತೆಗೀತಾರೆ. ಇದನ್ನ ನಿನ್ನ ಕರುಣೆಗೆ ಅಂತ ಹೇಳ್ತಿಲ್ಲ. ಇನ್ನು ಏನನ್ನೂ ಮುಚ್ಚಿಡಬಾರದು ಅಂತ ಹೇಳ್ತಿದೀನಿ.

ಅರ್ಜಿ ಹಾಕೋಕೆ ಅಂತ ಮತ್ತೆ ನನ್ನ ಪರಿಚಯ ಬರೀತಾ ಕೂತಿದ್ದೆ. 'ಈ ಸಂಶೋಧನೆ ನೇರವಾಗಿ ಸರ್ಕಾರದ ನೀತಿಯಾಗಿ ಜಾರಿಗೆ ಬಂತು' ಅನ್ನೋ ಸಾಲು ಅದರಲ್ಲಿ ಇರಬೇಕಂತೆ. ಅದಿದ್ದರೆ ಕೆಲಸ ಸಿಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಬರೆದೂ ಬಿಟ್ಟೆ ಸಲಾ. ಆಮೇಲೆ ಹೊಡೆದು ಹಾಕಿದೆ. ಆಮೇಲೆ ಮತ್ತೆ ಬರೆದೆ. ಅದು ಈಗ ಹಾಗೇ ಇದೆ.

ಡಿಸೆಂಬರ್‌ನಲ್ಲಿ ಊರಿಗೆ ಬರ್ತೀನಿ. ಸುವಾದಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ತಿಮಿಂಗಿಲದ ಹಲ್ಲು ಇದೆ, ಕ್ಷಮೆ ಕೇಳೋವಾಗ ಹಿರಿಯರ ಮುಂದೆ ಇಡೋಕೆ ಅದನ್ನ ಕೇಳಿ ತರ್ತೀನಿ. ಊರ ಮುಂದೆ ಕೂತು, ಹಿರಿಯರು ಏನು ಹೇಳ್ತಾರೋ ಕೇಳಿ, ತಪ್ಪೊಪ್ಪಿಕೋತೀನಿ. ಬೈದರೆ ಬೈಯಲಿ. ತೆಗೆದುಕೊಳ್ಳಲ್ಲ ಅಂದರೆ ಮೂರು ದಿನ ಆದರೂ ಕೂತಿರ್ತೀನಿ. ಬರಲಾ? ಒಂದೇ ಒಂದು ಸಾಲು ಬರಿ.

ಅಕನಿಸಿ


ವೈಮಾಸಿ
30 ಸೆಪ್ಟೆಂಬರ್ 2012

ಅಕನಿಸಿಗೆ,

ನಿನ್ನ ಎರಡೂ ಪತ್ರಗಳು ಒಂದೇ ಚೀಲದಲ್ಲಿ ಬಂದವು. ಹಡಗಿನ ಯಂತ್ರ ಕೆಟ್ಟು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಈ ಕಡೆಯ ದ್ವೀಪಗಳಿಗೆ ಬಂದಿರಲಿಲ್ಲ. ಸಿಟ್ಟಿನಿಂದ ನಾನು ಸುಮ್ಮನಿದ್ದೆ ಎಂದು ನೀನು ತಿಳಿದದ್ದು ಸರಿಯಲ್ಲ. ಪತ್ರ ಓದಿದ ಮೇಲೆ ಒಂದು ತಿಂಗಳು ಸುಮ್ಮನಿದ್ದೆ, ಅದು ಬೇರೆ.

ಶಾಲೆ ಏಪ್ರಿಲ್ ಕೊನೆಗೆ ಮುಚ್ಚಿತು. ನನ್ನನ್ನು ಇಲ್ಲಿಗೆ ವರ್ಗ ಮಾಡಿದರು. ನಮ್ಮ ಹತ್ತೊಂಬತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಇಲ್ಲಿದ್ದಾರೆ. ಕೊಬ್ಬರಿ ಒಣಗಿಸುತ್ತಿದ್ದ ಕೊಟ್ಟಿಗೆಯನ್ನು ಗುಡಿಸಿ ಚಾಪೆ ಹಾಸಿದ್ದೇವೆ, ಅದೇ ಹಾಸ್ಟೆಲ್. ಅಡುಗೆ ನನ್ನದೇ. ಆರು ಮಕ್ಕಳನ್ನು ತಂದೆತಾಯಿ ಸುವಾಕ್ಕೆ ಕರೆದುಕೊಂಡು ಹೋದರು. ಊರ ಹೊರಗಿನ ತಗಡಿನ ಮನೆಗಳಲ್ಲಿದ್ದಾರೆ, ಶಾಲೆಗೆ ಹೋಗುತ್ತಿದ್ದಾರಂತೆ. ನಾಲ್ವರು ಎಲ್ಲಿಯೂ ಓದುತ್ತಿಲ್ಲ. ಉಲಾಮಿಲಾ ಆ ನಾಲ್ವರಲ್ಲಿ ಒಬ್ಬಳು. ನಾದಿ ಪಟ್ಟಣದಲ್ಲಿರುವ ಚಿಕ್ಕಮ್ಮ ಓದಿಸುತ್ತೇನೆಂದು ಕರೆಸಿಕೊಂಡಳು. ತನ್ನ ಕೂಸು ನೋಡಿಕೊಳ್ಳಲು ಇಟ್ಟುಕೊಂಡಿದ್ದಾಳೆ. ನೀನು ಕಳಿಸಿದ ಲೆಕ್ಕದ ಪುಸ್ತಕವನ್ನು ಹುಡುಗಿ ಎರಡು ತಿಂಗಳಲ್ಲಿ ಮುಗಿಸಿದ್ದಳು.

ವರದಿ ಬರೆದವರು ಯಾರೆಂದು ಊರಿನವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಹತ್ತೊಂಬತ್ತು ಎಂದು ಬರೆದವಳು ನಾನು ಎಂಬುದು ವಿಲಿಕೇಸಾ ಮಾಸ್ಟರ ಬಾಯಿಂದ ಅವರಿಗೆ ತಿಳಿಯಿತು. ಶಾಲೆ ಮುಚ್ಚಿದ ಭಾನುವಾರ ಚರ್ಚಿನ ಹೊರಗೆ ತಾಲೆಮೋ ಎಲ್ಲರ ಮುಂದೆ ಕೇಳಿದರು: "ಇನ್ನೂ ಹನ್ನೊಂದು ಸೇರಿಸಿ ಬರೆದಿದ್ರೆ ನಿನ್ನ ಕೈ ಸವೀತಿತ್ತಾ ಮಗಳೇ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳೇ ಎಂದರು. ಹೆಂಗಸರು ನನ್ನ ಜೊತೆ ನೀರಿಗೆ ಬರುವುದನ್ನು ಬಿಟ್ಟರು.

ಕಳೆದ ವಾರ ಇಲ್ಲಿನ ಹೆಡ್‌ಮಾಸ್ಟರ್ ಇಲಾಖೆಗೆ ಕಳಿಸುವ ಈ ವರ್ಷದ ಮಕ್ಕಳ ಸಂಖ್ಯೆಯ ಹಾಳೆ ತಂದು ನನ್ನ ಮುಂದೆ ಇಟ್ಟರು. ಅಕ್ಷರ ಚೆನ್ನಾಗಿದೆ, ನೀವೇ ತುಂಬಿ ಅಂದರು. ಮಕ್ಕಳು ತೊಂಬತ್ತಾರು. ನೂರ ನಲವತ್ತು ಎಂದು ಬರೆದೆ. ಅವರು ಹೇಳುವ ಮೊದಲೇ ಬರೆದೆ.

ನಿನ್ನ ಅರ್ಜಿಯಲ್ಲಿ ಆ ಸಾಲು ಇರಲಿ, ತೆಗೆಯಬೇಡ. ಅದು ನಿಜವೇ ತಾನೆ. ಒಬ್ಬರಿಗಾದರೂ ಅದರಿಂದ ಊಟ ಸಿಗಲಿ.

ಹಲ್ಲು ಹಿಡಿದು ಬರಲೇ ಎಂದು ಕೇಳಿದ್ದೀಯ. ತಪ್ಪು ಮಾಡಿದವರು ಬಂದು ತಲೆ ತಗ್ಗಿಸಿ ಕೂತರೆ ಸಾಲದು, ಎದುರಿಗೆ ಊರು ಕೂರಬೇಕು. ಹಿರಿಯರು ಹಲ್ಲನ್ನು ಕೈಗೆ ತೆಗೆದುಕೊಂಡು, ಮುಗಿಯಿತು ಎನ್ನಬೇಕು. ಈಗ ನುಕುಸೋಲೋದಲ್ಲಿ ಐದು ಮನೆಯಲ್ಲಿ ಒಲೆ ಉರಿಯುತ್ತದೆ. ಮಕ್ಕಳ ಹಿಂದೆ ತಾಯಂದಿರು ಹೋದರು, ಅವರ ಹಿಂದೆ ಗಂಡಸರು. ತಾಲೆಮೋ ಜೂನ್‌ನಲ್ಲಿ ಮೀನುಗಾರರ ದೋಣಿ ಹತ್ತಿ ಸುವಾಕ್ಕೆ ಹೋದರು. ಪಾದ್ರಿಗಳನ್ನು ಬೇರೆ ಕಡೆಗೆ ಕಳಿಸಿದರು. ಹಲ್ಲು ತೆಗೆದುಕೊಳ್ಳುವ ಹಕ್ಕು ಇರುವವರು ಅಲ್ಲಿ ಯಾರೂ ಇಲ್ಲ.

ನಾನಾದರೂ ತೆಗೆದುಕೊಳ್ಳಬಹುದು ಎಂದು ನಿನ್ನ ಮನಸ್ಸಿನಲ್ಲಿ ಇರಬಹುದು. ನಾನು ಆ ಕಡೆಯವಳಲ್ಲ ಅಕನಿಸಿ. ಊರು ಕೂತಿದ್ದರೂ ನಾನು ಕೂರಬೇಕಾದದ್ದು ನಿನ್ನ ಪಕ್ಕದಲ್ಲಿ.

ಬರಬೇಡ.

ಸಲಾನಿಯೆತಾ